ಕೊಡದಲ್ಲಿ ನೀರಿದೆಯಾ?

ಹೋದ ವರ್ಷ ಗೆಳತಿಯೊಬ್ಬಳು ಪ್ಯಾರಿಸ್‌ಗೆ ಹೋಗಿದ್ದಳು. ಬರುವಾಗ ನನಗೆ ಅಂತ ಒಂದು ಪೋಸ್ಟ್‌ಕಾರ್ಡ್ ತಂದಳು. ಕೊಯ್ಲಾದ ಹೊಲ, ಅದರಲ್ಲಿ ಮೂವರು ಹೆಂಗಸರು. ಇಬ್ಬರು ಪೂರ್ತಿ ಬಗ್ಗಿದ್ದಾರೆ, ಒಬ್ಬಳು ಅರ್ಧ ಬಗ್ಗಿದ್ದಾಳೆ. ನೋಡಲು ಚಂದ ಇತ್ತು. ಫ್ರಿಜ್ ಬಾಗಿಲಿಗೆ ಅಂಟಿಸಿದೆ. ಹಿಂದೆ ಫ್ರೆಂಚ್‌ನಲ್ಲಿ ಏನೋ ಬರೆದಿತ್ತು. ಅದೇನು ಅಂತ ಫೋನಿನಲ್ಲಿ ಹುಡುಕಿ ತಿಳಿದುಕೊಳ್ಳಬೇಕಾಯಿತು.

ಅವ್ವ ಏನನ್ನೂ ಹುಡುಕಲಿಲ್ಲ. ದೀಪಾವಳಿ ಕಳೆದ ಮೇಲೆ ಊರಿಂದ ಬಂದವಳು, ಹಾಲು ತೆಗೆಯಲು ಫ್ರಿಜ್ ಹತ್ತಿರ ಹೋದಳು. ಕನ್ನಡಕ ಹಾಕಿಕೊಂಡು ಒಂದು ನಿಮಿಷ ಅದನ್ನೇ ನೋಡಿದಳು. "ಹಕ್ಕಲು ಆಯ್ತಿದಾರಲ್ಲೇ ಇವ್ರು" ಅಂದಳು.

ಹಕ್ಕಲು. ಎಷ್ಟು ವರ್ಷ ಆಗಿತ್ತು ಆ ಪದ ಕೇಳಿ! ಕೊಯ್ಲು ಮುಗಿದ ಮೇಲೆ ಹೊಲದಲ್ಲಿ ಬಿದ್ದು ಉಳಿದ ತೆನೆಗಳಿಗೆ ಆ ಹೆಸರು. ಅವನ್ನು ಒಂದೊಂದಾಗಿ ಆರಿಸಿಕೊಳ್ಳುವುದು ಹಕ್ಕಲು ಆಯುವುದು. ನಮ್ಮದು ಮಲೇಬೆನ್ನೂರು ಕಡೆಯ ಊರು, ಭದ್ರಾ ಕಾಲುವೆಯ ಭತ್ತದ ಸೀಮೆ. ನಮಗೆ ಹೊಲ ಇರಲಿಲ್ಲ. ಅಜ್ಜಿ ಬೇರೆಯವರ ಗದ್ದೆಯಲ್ಲಿ ಕೂಲಿ ಮಾಡುತ್ತಿದ್ದಳು, ಕೊಯ್ಲಾದ ಮೇಲೆ ಅದೇ ಗದ್ದೆಯಲ್ಲಿ ಹಕ್ಕಲು ಆಯುತ್ತಿದ್ದಳು. ಅವ್ವನೂ ಚಿಕ್ಕವಳಿದ್ದಾಗ ಜೊತೆಗೆ ಹೋಗುತ್ತಿದ್ದಳು. ನಾನು ಹೋಗಿಲ್ಲ. ನನ್ನ ಪಾಲಿಗೆ ಹಕ್ಕಲು ಅಂದರೆ ಕೇಳಿದ ಕಥೆ ಅಷ್ಟೆ.

ಅವ್ವ ಕಾರ್ಡ್ ಕಿತ್ತು ಕಿಟಕಿ ಬೆಳಕಿಗೆ ಹಿಡಿದಳು. ಮೊದಲು ಎಡಗಡೆಯ ಹೆಂಗಸನ್ನು ತೋರಿಸಿದಳು. ಆಕೆಯ ಒಂದು ಕೈ ನೆಲಕ್ಕೆ ಚಾಚಿದೆ, ಇನ್ನೊಂದು ಕೈ ಬೆನ್ನ ಮೇಲಿದೆ. ನಾನು ಅದನ್ನು ದಿನಾ ನೋಡಿದ್ದರೂ ಗಮನಿಸಿರಲಿಲ್ಲ. "ಆಯ್ದ ತೆನೆ ಹಿಂಗೇ ಹಿಂದೆ ಹಿಡ್ಕಬೇಕು. ಮುಂದೆ ಹಿಡಿದ್ರೆ ನೆಲ ಕಾಣಲ್ಲ. ಸೊಂಟಕ್ಕೂ ಒಂಚೂರು ಆಸರೆ ಆಗುತ್ತೆ" ಅಂದಳು. ಅಡುಗೆಮನೆಯ ಟೈಲ್ಸ್ ಮೇಲೆ ಬಗ್ಗಿ ತೋರಿಸಿಯೂ ತೋರಿಸಿದಳು. ಎಡಗೈ ತಾನಾಗಿಯೇ ಬೆನ್ನ ಹಿಂದೆ ಹೋಯಿತು, ಬಲಗೈ ಬೆರಳುಗಳು ಒಟ್ಟಿಗೆ ಕೂಡಿದವು. ಆ ಕೆಲಸ ಬಿಟ್ಟು 40 ವರ್ಷದ ಮೇಲಾಗಿದೆ. ಕೈ ಮರೆತಿರಲಿಲ್ಲ.

ಆಮೇಲೆ ಅವರ ಮುಂಗಟ್ಟಿನ ಬಟ್ಟೆ ನೋಡಿದಳು. ಅದನ್ನು ಮಡಚಿ ಚೀಲದ ಹಾಗೆ ಮಾಡಿಕೊಂಡಿದ್ದಾರೆ. "ಉಡಿ ಕಟ್ಕಂಡಿದಾರೆ" ಅಂದಳು. ಬಲಗಡೆಯವಳು ಅರ್ಧ ಎದ್ದಿದ್ದಾಳಲ್ಲ, ಅವಳಿಗೆ "ಸೊಂಟ ಹಿಡ್ಕಂಡಿದೆ ಪಾಪ" ಅಂದಳು. ಆಕೆ ಆಯ್ದ ತೆನೆಗಳನ್ನು ಕಟ್ಟುತ್ತಿದ್ದಾಳೆ ಅಂತ ನಾನು ಓದಿದ್ದೆ. ಕಟ್ಟುತ್ತಲೂ ಇರಬಹುದು, ಸೊಂಟವೂ ಹಿಡಿದಿರಬಹುದು. ಕೊನೆಗೆ ಅವ್ವನ ಕಣ್ಣು ಹಿಂದೆ ದೂರದಲ್ಲಿ, ಬಲಮೂಲೆಯಲ್ಲಿ, ಉಗುರಿನಷ್ಟೂ ಇಲ್ಲದ ಒಂದು ಆಕಾರದ ಮೇಲೆ ಬಿತ್ತು. ಕುದುರೆ ಮೇಲೆ ಕೂತ ಒಬ್ಬ ಮನುಷ್ಯ. "ಇವ್ನು ಹೊಲದ ಯಜಮಾನನ ಕಡೆಯೋನು" ಅಂದಳು. ನಾನು ನಾಲ್ಕು ತಿಂಗಳು ಅವನನ್ನು ಕಂಡೇ ಇರಲಿಲ್ಲ.

ಆ ಚಿತ್ರ ಬರೆದವನು ಜ್ಯಾಂ ಫ್ರಾಂಸ್ವಾ ಮಿಲ್ಲೆ. 1857ರಲ್ಲಿ ಪ್ಯಾರಿಸ್‌ನ ದೊಡ್ಡ ಪ್ರದರ್ಶನದಲ್ಲಿ ಇಟ್ಟದ್ದು, ಈಗ ಅಲ್ಲಿನ ಓರ್ಸೆ ಮ್ಯೂಸಿಯಂನಲ್ಲಿದೆ. ಚಿತ್ರದ ಹಿಂಭಾಗದಲ್ಲಿ ಸಮೃದ್ಧಿ ಇದೆ. ಬೆಟ್ಟದಂಥ ಬಣವೆಗಳು, ತುಂಬಿದ ಗಾಡಿ, ಗುಂಪುಗುಂಪಾಗಿ ಆಳುಗಳು, ಬಂಗಾರದ ಬೆಳಕು. ಮುಂದೆ ನೆರಳಲ್ಲಿ ಈ ಮೂವರು. ಅಲ್ಲಿಂದ ಇಲ್ಲಿಗೆ ಏನೂ ಬಂದಿಲ್ಲ, ಬಿದ್ದ ತೆನೆ ಬಿಟ್ಟು.

ಫ್ರಾನ್ಸ್‌ನಲ್ಲಿ ಹಕ್ಕಲು ಆಯುವುದು ಬಡವರಿಗೆ ಹಿಂದಿನಿಂದ ಬಂದ ಹಕ್ಕು. ಆದರೆ ಅದಕ್ಕೆ ಕಟ್ಟುಪಾಡು ಇತ್ತು. ಬೆಳೆ ಸಾಗಿಸಿದ ಮೇಲೇ ಹೊಲಕ್ಕೆ ಇಳಿಯಬೇಕು, ಸೂರ್ಯ ಮುಳುಗಿದ ಮೇಲೆ ಇರುವಂತಿಲ್ಲ. ಇದನ್ನು ಹೇಳಿದಾಗ ಅವ್ವ ತಲೆ ಆಡಿಸಿದಳು. "ನಮ್ಗೂ ಹಂಗೇ. ಸಿವುಡು ಎತ್ತೋ ತನಕ ಬದುವಿನ ಮೇಲೆ ಕುಂತು ಕಾಯ್ತಿದ್ವಿ. ಅವ್ರು ಹೂಂ ಅಂದ್ಮೇಲೆ ಇಳಿಯೋದು." ಅಜ್ಜಿ ದಿನಪೂರ್ತಿ ಕೊಯ್ದದ್ದು ಅದೇ ಗದ್ದೆ. ಆದರೂ ಬಿದ್ದ ತೆನೆಗೆ ಕಾಯಬೇಕಿತ್ತು.

ಮಿಲ್ಲೆಯ ಚಿತ್ರವನ್ನು ಆಗ ತುಂಬ ಜನ ಇಷ್ಟಪಡಲಿಲ್ಲ. ಫ್ರಾನ್ಸ್‌ನಲ್ಲಿ ಜನ ರಾಜನನ್ನು ಇಳಿಸಿದ 1848ರ ಕ್ರಾಂತಿ ಆಗಿ ಇನ್ನೂ ಹತ್ತು ವರ್ಷ ಆಗಿರಲಿಲ್ಲ. ದೇವರು ದೇವತೆಯರನ್ನೂ ರಾಜರನ್ನೂ ಬರೆಯುವಂಥ ಗಾಂಭೀರ್ಯದಲ್ಲಿ ಹೊಲದ ಬಡ ಹೆಂಗಸರನ್ನು ಬರೆದಿದ್ದಾನಲ್ಲ ಅಂತ ಉಳ್ಳವರಿಗೆ ಕಸಿವಿಸಿ ಆಯಿತು. ಒಬ್ಬ ವಿಮರ್ಶಕನಿಗಂತೂ ಈ ಮೂವರ ಹಿಂದೆ ದಂಗೆಕೋರರ ಈಟಿಗಳೂ, ರಾಜನ ತಲೆ ಕಡಿದ 1793ರ ವಧಾಸ್ತಂಭವೂ ಕಾಣಿಸಿದವು. ಯೋಚಿಸಿ. ಮೂವರು ಹೆಂಗಸರು ಬಗ್ಗಿ ತೆನೆ ಆಯುತ್ತಿದ್ದಾರೆ, ಅಷ್ಟೇ. ಯಾರ ಮುಖವೂ ಸರಿಯಾಗಿ ಕಾಣುವುದಿಲ್ಲ. ಒಂದು ಮಾತಿಲ್ಲ, ಒಂದು ಘೋಷಣೆ ಇಲ್ಲ. ಅವರ ದುಡಿಮೆಯನ್ನು ಇದ್ದ ಹಾಗೆ, ಅದರ ಭಾರದ ಸಮೇತ ತೋರಿಸಿದ್ದಕ್ಕೇ ಅಷ್ಟು ಹೆದರಿಕೆ.

ಮಿಲ್ಲೆ ನಾರ್ಮಂಡಿಯ ರೈತರ ಮನೆಯ ಹುಡುಗ. ಚಿತ್ರ ಕಲಿಯಲು ಹೋಗುವ ಮೊದಲು ಅಪ್ಪನ ಜೊತೆ ಹೊಲದಲ್ಲಿ ದುಡಿದವನು. ಅದಕ್ಕೇ ಬೆನ್ನ ಮೇಲಿನ ಆ ಕೈ ಅವನಿಗೆ ಗೊತ್ತಿತ್ತು ಅಂತ ನನ್ನ ನಂಬಿಕೆ.

ಇದರ ಪಕ್ಕದಲ್ಲಿ ಇನ್ನೊಂದು ಚಿತ್ರ ಇಟ್ಟು ನೋಡಬೇಕು. ಜ್ಯೂಲ್ ಬ್ರೆಟನ್ ಅನ್ನುವವನು ಎರಡೇ ವರ್ಷ ಬಿಟ್ಟು, 1859ರಲ್ಲಿ, ಹಕ್ಕಲು ಆಯುವವರನ್ನೇ ಬರೆದ. ಅದೂ ಈಗ ಅದೇ ಮ್ಯೂಸಿಯಂನಲ್ಲಿದೆ. ಸಂಜೆ ಹೊತ್ತು. ಹೊಲ ಕಾಯುವವನು ಬಾಯಿಗೆ ಕೈ ಅಡ್ಡ ಹಿಡಿದು, ಸಾಕು ಬನ್ನಿ ಅಂತ ಕೂಗುತ್ತಿದ್ದಾನೆ. ಹೆಂಗಸರು ತೆನೆಕಟ್ಟು ಹೊತ್ತು ಸಾಲಾಗಿ ಹೊರಟಿದ್ದಾರೆ. ಬರಿಗಾಲು, ಹರಿದ ಬಟ್ಟೆ, ಆದರೆ ನೆಟ್ಟಗೆ ನಿಂತ ಮೈ, ರಾಣಿಯರ ನಡಿಗೆ. ಈ ಚಿತ್ರ ಎಲ್ಲರಿಗೂ ಹಿಡಿಸಿತು. ಚಕ್ರವರ್ತಿ ಮೂರನೇ ನೆಪೋಲಿಯನ್ನೇ ಅದನ್ನು ಕೊಂಡುಕೊಂಡ. ನನಗೆ ಮಾತ್ರ ಅದರ ಮೇಲೆ ಸಿಟ್ಟಿತ್ತು. ದಿನವಿಡೀ ಬಗ್ಗಿದ ಸೊಂಟ ಸಂಜೆಗೆ ಅಷ್ಟು ನೆಟ್ಟಗೆ ಇರುತ್ತದಾ? ನೋವನ್ನು ಒರೆಸಿ ಹಾಕಿ ಚಂದ ಮಾಡಿದ್ದಾನೆ ಅನ್ನಿಸಿತ್ತು.

ಆ ಸಿಟ್ಟಿಗೆ ಒಂದು ಕಾರಣ ಇದೆ. ಅದು ಫ್ರಾನ್ಸ್‌ನಿಂದ ಬಂದದ್ದಲ್ಲ, ನಮ್ಮೂರ ಶಾಲೆಯ ಗೋಡೆಯಿಂದ ಬಂದದ್ದು.

2003ರಲ್ಲಿ ನಮ್ಮ ಕಡೆಯ ಸರ್ಕಾರಿ ಶಾಲೆಗಳಿಗೂ ಬಿಸಿಯೂಟ ಬಂತು. ಅವ್ವ ಅಡುಗೆಗೆ ಸೇರಿದಳು. ಜೊತೆಗೆ ಇನ್ನಿಬ್ಬರು. ಇನ್ನೂರು ಮಕ್ಕಳಿಗೆ ಅನ್ನ, ಸಾಂಬಾರು. ಕುದಿಯುವ ಅನ್ನದ ಪಾತ್ರೆಯನ್ನು ಇಬ್ಬರು ಎರಡು ಕಡೆ ಬಟ್ಟೆ ಹಿಡಿದು ಇಳಿಸಬೇಕು. ಗಂಜಿ ಬಸಿಯುವಾಗ ಮುಖಕ್ಕೆ ಹಬೆ ಹೊಡೆಯುತ್ತದೆ. ಅವ್ವನ ಬಲಮುಂಗೈ ಮೇಲೆ ಎರಡು ಬೆರಳಗಲದ ಸುಟ್ಟ ಕಲೆ ಈಗಲೂ ಇದೆ. ಕೊಳಾಯಿ ಬರದ ದಿನ ಬೋರ್‌ವೆಲ್‌ನಿಂದ ನೀರನ್ನೂ ಅವರೇ ಹೊರಬೇಕಿತ್ತು. ಈ ಕೆಲಸಕ್ಕೆ ಕೊಡುವ ದುಡ್ಡಿಗೆ ಸರ್ಕಾರದ ಕಾಗದದಲ್ಲಿ ಸಂಬಳ ಅನ್ನುವುದಿಲ್ಲ, ಗೌರವಧನ ಅನ್ನುತ್ತಾರೆ. ಗೌರವ ಅನ್ನುವ ಪದ ಅದರಲ್ಲಿದೆ, ಕೂಲಿ ಅನ್ನುವುದಿಲ್ಲ. ಸಂಬಳ ಅಂದರೆ ಕಾರ್ಮಿಕರು ಅಂತ ಒಪ್ಪಬೇಕಾಗುತ್ತದೆ. ಅದನ್ನು ಕೇಳಿಕೊಂಡೇ ಬಿಸಿಯೂಟದ ಹೆಂಗಸರು ಬೆಂಗಳೂರಿನ ಫ್ರೀಡಂ ಪಾರ್ಕಿಗೆ ಮತ್ತೆ ಮತ್ತೆ ಬಂದು ಬಿಸಿಲಲ್ಲಿ ಕೂತಿದ್ದಾರೆ.

ಒಂದು ವರ್ಷ ಶಾಲೆಗೆ ಬಣ್ಣ ಹೊಡೆಸಿದರು. ಅಡುಗೆ ಕೋಣೆಯ ಹೊರಗೋಡೆಗೆ ಒಂದು ದೊಡ್ಡ ಚಿತ್ರ ಬರೆಸಿದರು. ನೀವೂ ನೋಡಿರುತ್ತೀರಿ, ಬಸ್‌ಸ್ಟ್ಯಾಂಡು, ಹೋಟೆಲು, ಮದುವೆ ಮನೆ ಎಲ್ಲ ಕಡೆ ಇರುವಂಥದ್ದು. ಹಳ್ಳಿ ಹೆಂಗಸು, ಸೊಂಟದಲ್ಲಿ ಕೊಡ, ಬಳುಕಿದ ನಡು, ಮುಡಿತುಂಬ ಮಲ್ಲಿಗೆ, ಓರೆನೋಟ. ಬರೆದವರ ಕೈಚಳಕ ಚೆನ್ನಾಗಿತ್ತು. ಸೀರೆಯ ನೆರಿಗೆ ಒಂದೊಂದೂ ಕಾಣುತ್ತಿತ್ತು.

ಅವ್ವನ ಜೊತೆ ಕೆಲಸ ಮಾಡುತ್ತಿದ್ದ ಅಕ್ಕ ಒಬ್ಬರು ಪಾತ್ರೆ ತೊಳೆಯುತ್ತಾ ಅದನ್ನು ನೋಡಿದರು. ಆಮೇಲೆ ಅವ್ವನಿಗೆ ಹೇಳಿದರಂತೆ: "ಆ ಕೊಡದಾಗೆ ನೀರಿಲ್ಲ ಬಿಡೇ."

ಕಲೆಯ ಬಗ್ಗೆ ನಾನು ಓದಿದ ಯಾವ ಪುಸ್ತಕದಲ್ಲೂ ಇಷ್ಟು ಸರಿಯಾದ ಮಾತು ಸಿಕ್ಕಿಲ್ಲ. ತುಂಬಿದ ಕೊಡ ಸೊಂಟದಲ್ಲಿದ್ದರೆ ಮೈ ಇನ್ನೊಂದು ಕಡೆಗೆ ವಾಲುತ್ತದೆ. ಕತ್ತಿನ ನರ ಎದ್ದು ಕಾಣುತ್ತದೆ. ಖಾಲಿ ಇರುವ ಆ ಕೈ ಗಾಳಿಯಲ್ಲಿ ದೂರ ಚಾಚುತ್ತದೆ, ಇಲ್ಲದಿದ್ದರೆ ಬೀಳುತ್ತೇವೆ. ಓರೆನೋಟ ಬೀರಲು ಆಗುವುದಿಲ್ಲ, ಕಣ್ಣು ದಾರಿಯ ಮೇಲಿರಬೇಕು. ಗೋಡೆಯ ಮೇಲಿನ ಹೆಂಗಸು ನೀರು ಹೊರುತ್ತಿರಲಿಲ್ಲ. ಕೊಡ ಅವಳಿಗೆ ಒಂದು ಒಡವೆ ಆಗಿತ್ತು. ಅದೇ ಗೋಡೆಯ ಒಳಗಡೆ ನಿಜವಾಗಿ ನೀರು ಹೊತ್ತ ಮೂವರು ಇದ್ದರು. ಅವರನ್ನು ಒಂದು ಸಲ ನೋಡಿ ಬರೆಯೋಣ ಅಂತ ಯಾರಿಗೂ ಅನ್ನಿಸಲಿಲ್ಲ.

ಅಂದಿನಿಂದ ದುಡಿಯುವ ಹೆಂಗಸಿನ ಯಾವ ಚಿತ್ರ ನೋಡಿದರೂ ನಾನು ಆ ಅಕ್ಕನ ಮಾತು ನೆನೆದು, ಈ ಕೊಡದಲ್ಲಿ ನೀರಿದೆಯಾ ಅಂತ ಕೇಳುತ್ತೇನೆ.

ಡಚ್ ಕಲಾವಿದ ವರ್ಮೀರ್ ಬರೆದ ಹಾಲು ಸುರಿಯುವ ಹೆಂಗಸು ಇದ್ದಾಳಲ್ಲ, ಅವಳ ಕೊಡದಲ್ಲಿ ಹಾಲಿದೆ. ಒಂದು ಕೈ ಹಿಡಿಕೆಯಲ್ಲಿ, ಇನ್ನೊಂದು ತಳದಲ್ಲಿ. ದಪ್ಪ ತೋಳು, ಮೇಲಕ್ಕೆ ಸರಿಸಿದ ತೋಳಿನ ಬಟ್ಟೆ. ಸಣ್ಣ ಎಳೆಯಾಗಿ ಹಾಲು ಬೀಳುತ್ತಿದೆ, ಆಕೆಯ ಗಮನವೆಲ್ಲ ಆ ಎಳೆಯ ಮೇಲಿದೆ. ನಮ್ಮನ್ನು ನೋಡಲು ಅವಳಿಗೆ ಪುರುಸೊತ್ತಿಲ್ಲ. 2022ರಲ್ಲಿ ಆಮ್‌ಸ್ಟರ್‌ಡಾಮ್‌ನ ಮ್ಯೂಸಿಯಂನವರು ಬಣ್ಣದ ಕೆಳಗಿನ ಪದರಗಳನ್ನು ಪರೀಕ್ಷೆ ಮಾಡಿದಾಗ, ಆಕೆಯ ತಲೆಯ ಹಿಂದೆ ಹೂಜಿ ನೇತುಹಾಕುವ ಹಲಗೆಯೊಂದನ್ನು ವರ್ಮೀರ್ ಮೊದಲು ಬರೆದು ಆಮೇಲೆ ಅಳಿಸಿದ್ದು ಗೊತ್ತಾಯಿತು. ಗೋಡೆ ಖಾಲಿ ಬಿಟ್ಟ. ಮೊಳೆ, ಮೊಳೆಯ ತೂತು ಬಿಟ್ಟರೆ ಅಲ್ಲಿ ಇನ್ನೇನೂ ಇಲ್ಲ. ಅವಳು ಮತ್ತು ಅವಳ ಕೆಲಸ, ಅಷ್ಟು ಸಾಕು ಅನ್ನಿಸಿರಬೇಕು.

ಫ್ರೆಂಚ್ ಕಲಾವಿದ ಡೆಗಾ ಬರೆದ ಇಸ್ತ್ರಿ ಹೆಂಗಸರು ನನಗೆ ಇನ್ನೂ ಹತ್ತಿರ. 1880ರ ದಶಕದ ಚಿತ್ರ. ಒಬ್ಬಳು ಎರಡೂ ಕೈಯಿಂದ ಇಸ್ತ್ರಿಪೆಟ್ಟಿಗೆ ಒತ್ತುತ್ತಿದ್ದಾಳೆ, ಪಕ್ಕದವಳು ಬಾಯಿ ತುಂಬ ಆಕಳಿಸುತ್ತಿದ್ದಾಳೆ. ಕೈಯಲ್ಲಿ ಬಾಟಲಿ. ಆಕಳಿಕೆಯನ್ನು ಬರೆಯುವುದಕ್ಕೆ ಧೈರ್ಯ ಬೇಕು. ದುಡಿಯುವವರ ಘನತೆ ಅಂದ ಕೂಡಲೇ ನಾವು ನಗುಮುಖ, ಎತ್ತಿದ ತಲೆ ಹುಡುಕುತ್ತೇವೆ. ಸುಸ್ತಾದವರಿಗೆ ಘನತೆ ಇರುವುದಿಲ್ವಾ?

ನಮ್ಮ ದೇಶದಲ್ಲಿ ಶ್ರಮಕ್ಕೆ ಅಂತಲೇ ನಿಲ್ಲಿಸಿದ ಶಿಲ್ಪಗಳಲ್ಲಿ ಚೆನ್ನೈ ಮರೀನಾ ಬೀಚಿನದು ತುಂಬ ಹೆಸರಾದದ್ದು. 1959ರದ್ದು, ದೇವಿಪ್ರಸಾದ್ ರಾಯ್ ಚೌಧುರಿ ಮಾಡಿದ್ದು. ನಾಲ್ವರು ಬಂಡೆ ಸರಿಸುತ್ತಿದ್ದಾರೆ. ನಾಲ್ವರೂ ಗಂಡಸರು. ಒಳ್ಳೆಯ ಕೆಲಸ, ಬಂಡೆಯ ತೂಕ ನೋಡುವವರ ಭುಜಕ್ಕೂ ತಾಗುತ್ತದೆ. ಆದರೆ ನಮ್ಮ ಯಾವ ಕಟ್ಟಡ ಹೆಂಗಸರಿಲ್ಲದೆ ಎದ್ದಿದೆ? ತಲೆ ಮೇಲೆ ಸಿಂಬೆ, ಸಿಂಬೆ ಮೇಲೆ ಜಲ್ಲಿ ತುಂಬಿದ ಬಾಂಡ್ಲಿ, ಮರಳ ರಾಶಿ ಪಕ್ಕದಲ್ಲಿ ಸೀರೆ ಜೋಲಿಯಲ್ಲಿ ಮಗು. ಬೆಂಗಳೂರಿನಲ್ಲಿ ಇದನ್ನು ನೋಡದೆ ಒಂದು ಬೀದಿ ದಾಟಲು ಆಗುವುದಿಲ್ಲ. ಅವರನ್ನು ಕಂಡವನು ಶಾಂತಿನಿಕೇತನದ ರಾಮಕಿಂಕರ್ ಬೈಜ್. 1956ರಲ್ಲಿ ಅವನು ಕಾಂಕ್ರೀಟಿನಲ್ಲಿ ಇಬ್ಬರು ಸಂತಾಲ ಬುಡಕಟ್ಟಿನ ಹೆಂಗಸರನ್ನು ಮಾಡಿದ. ಮಿಲ್ಲಿನ ಸೈರನ್ ಕೂಗಿದೆ, ಒದ್ದೆ ಬಟ್ಟೆಯನ್ನು ಗಾಳಿಗೆ ಹಾರಿಬಿಟ್ಟು ಒಣಗಿಸಿಕೊಳ್ಳುತ್ತಲೇ ಓಡುತ್ತಿದ್ದಾರೆ, ಹಿಂದೆ ಒಂದು ಮಗು. ಬಟ್ಟೆ ಒಣಗಿಸಲು ಬೇರೆ ಹೊತ್ತಿಲ್ಲ! ಬೆಳಗ್ಗೆ ಗಾರ್ಮೆಂಟ್ಸ್‌ಗೆ ಓಡುವ ಹೆಂಗಸರು ಒದ್ದೆ ಕೂದಲಲ್ಲೇ ಟೆಂಪೋ ಹತ್ತುವುದನ್ನು ಪೀಣ್ಯದಲ್ಲಿ ನೋಡಿದಾಗೆಲ್ಲ ನನಗೆ ಆ ಶಿಲ್ಪ ನೆನಪಾಗುತ್ತದೆ.

ಇಷ್ಟೆಲ್ಲ ಆದರೂ ಒಂದು ಕೊರತೆ ಉಳಿಯುತ್ತದೆ. ಮಿಲ್ಲೆ ಎಷ್ಟೇ ದೊಡ್ಡವನಾದರೂ ನೋಡಿ ಬರೆದವನು. ಆ ಮೂವರು ಏನು ಅಂದುಕೊಂಡರು ಅಂತ ಚಿತ್ರ ಹೇಳುವುದಿಲ್ಲ. ಅವರ ಹೆಸರೂ ನಮಗಿಲ್ಲ. ಈ ವಿಷಯದಲ್ಲಿ ಕನ್ನಡದವರು ಪುಣ್ಯವಂತರು. ನಮ್ಮಲ್ಲಿ ಆಯ್ದು ತಂದದ್ದರಲ್ಲೇ ಬದುಕಿದವಳೇ ಮಾತಾಡಿದ್ದಾಳೆ. ಅದೂ 12ನೇ ಶತಮಾನದಲ್ಲಿ, ಹೆಸರಿನ ಸಮೇತ.

ಆಯ್ದಕ್ಕಿ ಲಕ್ಕಮ್ಮ. ಹೆಸರಲ್ಲೇ ಕೆಲಸ ಇದೆ, ಆಯ್ದ ಅಕ್ಕಿ. ಲಿಂಗಸುಗೂರು ಕಡೆಯ ಅಮರೇಶ್ವರದಿಂದ ಗಂಡ ಮಾರಯ್ಯನ ಜೊತೆ ಕಲ್ಯಾಣಕ್ಕೆ ಬಂದವಳು. ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತರುವುದು ಮಾರಯ್ಯನ ಕಾಯಕ, ಅದರಲ್ಲೇ ಜಂಗಮರಿಗೂ ಊಟ. ಒಂದು ದಿನ ಅವನು ಮಾಮೂಲಿಗಿಂತ ಜಾಸ್ತಿ ಅಕ್ಕಿ ತಂದ. ಲಕ್ಕಮ್ಮ ಅದನ್ನು ಒಳಗೆ ತೆಗೆದುಕೊಳ್ಳಲಿಲ್ಲ. "ಆಸೆಯೆಂಬುದು ಅರಸಿಂಗಲ್ಲದೆ ಶಿವಭಕ್ತರಿಗುಂಟೆ ಅಯ್ಯಾ?" ಅಂತ ಕೇಳಿದಳು. "ಈಸಕ್ಕಿಯಾಸೆ ನಿಮಗೇಕೆ" ಅಂದಳು. ಹೆಚ್ಚಿನದನ್ನು ಇದ್ದಲ್ಲೇ ಸುರಿದು ಬರಲು ಕಳಿಸಿದಳು. ಕಾಯಕವೇ ಕೈಲಾಸ ಅಂತ ನಾವೆಲ್ಲ ಹೇಳುತ್ತೇವಲ್ಲ, ಆ ಮಾತು ಬರುವುದು ಇದೇ ಮಾರಯ್ಯನ ವಚನದಲ್ಲಿ. ಅಕ್ಕಿ ಆಯುವವನ ಬಾಯಿಂದ ಬಂದ ಮಾತು ಅದು. ಆ ಅಕ್ಕಿಯ ಅಳತೆ ಎಷ್ಟಿರಬೇಕು ಅಂತ ಅವನಿಗೆ ಹೇಳಿಕೊಟ್ಟವಳು ಹೆಂಡತಿ.

ಅವಳೊಬ್ಬಳೇ ಅಲ್ಲ. ಭತ್ತ ಕುಟ್ಟುವ ಸೋಮಮ್ಮ ಇದ್ದಾಳೆ, ಅವಳಿಗೆ ಕೊಟ್ಟಣದ ಸೋಮಮ್ಮ ಅಂತಲೇ ಹೆಸರು. ನೂಲು ತೆಗೆಯುವ ಕದಿರ ರೆಮ್ಮವ್ವೆ ಇದ್ದಾಳೆ. ನಾನು ತಿರುಗಿಸುವ ರಾಟೆಯ ಕುಲಜಾತಿ ಕೇಳಿ ಅಂತ ರೆಮ್ಮವ್ವೆ ಶುರು ಮಾಡುತ್ತಾಳೆ. ಆಮೇಲೆ ರಾಟೆಯ ಒಂದೊಂದೇ ಭಾಗ ಮುಟ್ಟಿ ತೋರಿಸುತ್ತಾಳೆ. ಅಡಿಯ ಹಲಗೆ ಬ್ರಹ್ಮ, ತೋರಣ ವಿಷ್ಣು, ನಿಂತ ಬೊಂಬೆ ಮಹಾರುದ್ರ. ದಿನಾ ಆ ರಾಟೆಯ ಮುಂದೆ ಕೂತವಳಿಗೆ ಮಾತ್ರ ಹೀಗೆ ಬಿಡಿಬಿಡಿಯಾಗಿ ಗೊತ್ತಿರುತ್ತದೆ. ಜಾತಿ ಕೇಳುವ ಲೋಕಕ್ಕೆ ಅವಳು ತನ್ನ ಕೆಲಸದ ಸಾಮಾನನ್ನೇ ಮುಂದಿಟ್ಟು ಉತ್ತರ ಕೊಟ್ಟಳು.

ಬೀಸುವ ಪದಗಳೂ ಹೀಗೇ ಹುಟ್ಟಿದವು. ನಸುಕಿನಲ್ಲಿ ಎದ್ದು, ಕಲ್ಲಿನ ಆಚೆ ಒಬ್ಬಳು ಈಚೆ ಒಬ್ಬಳು ಕೂತು, ಒಂದೇ ಗೂಟ ಹಿಡಿದು ಹಾಡಿದ್ದು. ಒಂದು ಪದದಲ್ಲಿ ಬೀಸುಕಲ್ಲನ್ನೇ ತಾಯಿ ಅಂತ ಕರೆದು, ಜಲ್ಲಜಲ್ಲನೆ ಉದುರಮ್ಮ, ನಿನಗೆ ಬೆಲ್ಲದಾರತಿ ಬೆಳಗುತ್ತೇನೆ ಅನ್ನುತ್ತಾಳೆ. ಕಲ್ಲು ಸುತ್ತುವ ಲಯಕ್ಕೇ ಸಾಲು ಸುತ್ತುತ್ತದೆ. ಅದನ್ನು ಸ್ಟೇಜಿನ ಮೇಲೆ ಮೈಕ್ ಮುಂದೆ ಕೇಳಿದಾಗ ಇಂಪು ಇರುತ್ತದೆ, ಏದುಸಿರು ಇರುವುದಿಲ್ಲ. ಅಜ್ಜಿ ಹಾಡುವಾಗ ಮೂರನೇ ಸಾಲಿನ ಮೊದಲು ಉಸಿರು ಎಳೆದುಕೊಳ್ಳುವ ಸದ್ದು ಕೇಳುತ್ತಿತ್ತು. ನನಗೆ ಈಗ ಪದಗಳು ಪೂರ್ತಿ ನೆನಪಿಲ್ಲ, ಆ ಉಸಿರು ನೆನಪಿದೆ.

ಈಗ ನಮ್ಮೂರಲ್ಲಿ ಹಕ್ಕಲು ಇಲ್ಲ. ಕಟಾವು ಮಷೀನು ಬಂದು ಒಂದು ಗಂಟೆಯಲ್ಲಿ ಎಕರೆ ಮುಗಿಸುತ್ತದೆ. ತೆನೆ ಬೀಳುವುದಿಲ್ಲ, ಬಿದ್ದರೆ ಬಿಡಿ ಕಾಳು, ಅದು ಕೆಸರಿಗೆ ಸೇರಿ ಹೋಗುತ್ತದೆ. ಅವ್ವನಿಗೆ ಅದರ ಬಗ್ಗೆ ಬೇಜಾರೇನೂ ಇಲ್ಲ. "ಹೋಗ್ಲಿ ಬಿಡು, ಸೊಂಟ ಉಳೀತು" ಅಂತಾಳೆ.

ಊರಿಗೆ ಹೊರಡುವ ಹಿಂದಿನ ದಿನ ಅವ್ವನಿಗೆ ಬ್ರೆಟನ್‌ನ ಚಿತ್ರವನ್ನೂ ತೋರಿಸಿದೆ. ಫೋನಿನಲ್ಲಿ ದೊಡ್ಡದು ಮಾಡಿ ಕೊಟ್ಟೆ. ಇದೂ ಹಕ್ಕಲು ಆಯುವವರದ್ದೇ, ಆದರೆ ಸುಮ್ನೆ ಚಂದ ಮಾಡಿ ಬರೆದಿದ್ದಾನೆ ಅಂತ ನನ್ನ ಅಭಿಪ್ರಾಯವನ್ನೂ ಜೊತೆಗೆ ಸೇರಿಸಿದೆ. ಆ ಅಕ್ಕ ಹೇಳಿದ ಹಾಗೆ ಕೊಡದಲ್ಲಿ ನೀರಿಲ್ಲ ಅಂತ ಅವ್ವನೂ ಹೇಳುತ್ತಾಳೆ ಅಂದುಕೊಂಡಿದ್ದೆ.

ಅವ್ವ ತುಂಬ ಹೊತ್ತು ನೋಡಿದಳು. ಬೆರಳಿಂದ ಚಿತ್ರ ಸರಿಸಿ ಸರಿಸಿ ಒಬ್ಬೊಬ್ಬರನ್ನೇ ನೋಡಿದಳು. ಹೆಗಲ ಮೇಲಿನ ತೆನೆಕಟ್ಟು, ತುಂಬಿದ ಉಡಿ, ಮುಳುಗುವ ಹೊತ್ತು.

"ನಂಗೆ ಇದೇ ಚೆನ್ನಾಗೈತೆ" ಅಂದಳು.

"ಯಾಕವ್ವ? ಅಷ್ಟು ಕೆಲಸ ಮಾಡಿ ಹಿಂಗೆ ನೆಟ್ಟಗೆ ನಡೆಯಕ್ಕಾಗುತ್ತಾ?"

"ಆಗುತ್ತೆ ಕಣೇ. ಉಡಿ ತುಂಬಿದ ದಿನ ಆಗ್ತಿತ್ತು. ನಿಮ್ಮಜ್ಜಿ ಊರು ಹತ್ರ ಬರ್ತಿದ್ದಂಗೆ ಸೊಂಟ ನೆಟ್ಟಗೆ ಮಾಡ್ಕಳೋಳು. ಯಾರಾದ್ರೂ ನೋಡ್ತಾರೆ ಅಂತ. ಇವ್ರು ಮನಿಗೆ ಹೋಗ್ತಿದಾರೆ ನೋಡು."

ಮರುದಿನ ಬಸ್ಸಿಗೆ ಹೊರಡುವಾಗ ಅದರದ್ದೂ ಒಂದು ಕಾರ್ಡ್ ಸಿಗುತ್ತಾ ಅಂತ ಕೇಳಿದಳು. ಹತ್ತಿರದ ಅಂಗಡಿಯಲ್ಲಿ ಕಲರ್ ಪ್ರಿಂಟ್ ತೆಗೆಸಿ ಕೊಟ್ಟೆ. ಮಡಚಬೇಡ ಅಂದಳು. ರಟ್ಟಿನ ಮಧ್ಯೆ ಇಟ್ಟು, ಸೀರೆ ಚೀಲದ ಮೇಲುಗಡೆ ಇಟ್ಟುಕೊಂಡು ಹೋದಳು.